ಕರ್ತೃ, ಏಕವಚನ

ಹೋದ ಶುಕ್ರವಾರ ಮ್ಹಾಪಸಾದ ಸಂತೆಯಲ್ಲಿ ಒಬ್ಬ ಮುದುಕಿ ಉಪ್ಪಿನ ಚೀಲದ ಬಾಯಿ ಬಿಚ್ಚಿದಳು. ಉಪ್ಪಿಗೆ ವಾಸನೆಯಿಲ್ಲ ಎನ್ನುವವರು ಗೋವೆಯ ಕಂದು ಉಪ್ಪನ್ನು ಕಂಡವರಲ್ಲ. ನೆನೆದ ಗೋಣಿಯ ವಾಸನೆ, ಅದರ ಬೆನ್ನಿಗೇ ಕೆಸರಿನ ಕಮಟು... ಕೈಚೀಲವನ್ನು ಕೆಳಗಿಟ್ಟು ನಿಂತುಬಿಟ್ಟೆ. ಆಗ ನಾವಿದ್ದ, ಬಂದರಿನ ಪಕ್ಕದ ಮಂಗೋರ್ ಹಿಲ್‌ನ ನಮ್ಮ ಕಟ್ಟಡದ ಮೆಟ್ಟಿಲುಗಳಲ್ಲಿ ಸಂಜೆಯಾದರೆ ಇದೇ ವಾಸನೆ ಹರಡುತ್ತಿತ್ತು. ಮೇಲಿನ ಮನೆಯ ಹುಡುಗಿ ಲ್ಯಾಬಿನಿಂದ ಬಂದಳು ಎಂಬುದಕ್ಕೆ ಬೇರೆ ಗುರುತು ಬೇಕಿರಲಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳು ಅವು. ನಾನು ಅಲ್ಲಿನ ಕನ್ನಡ ಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದೆ. ಅವಳ ತಂದೆ ಧಾರವಾಡದ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಅವಳು ಜೈವಿಕ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮಿಠಾಗರ ಎಂದು ಇಲ್ಲಿಯವರು ಕರೆಯುವ ಉಪ್ಪಿನ ಗದ್ದೆಗಳಿಗೆ ಹೋಗಿ, ಕೆಸರನ್ನು ಬಾಟಲಿಗಳಲ್ಲಿ ತುಂಬಿ ತಂದು, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವುದು ಅವಳ ಸಂಶೋಧನೆ. ಜೊತೆಗೆ ಗೋವೆಯವಳೇ ಆದ ಒಬ್ಬ ಸಹಸಂಶೋಧಕಿ ಇರುತ್ತಿದ್ದಳು. ಕೆಸರಿಗೆ ಇಳಿಯುವಾಗ ಇಬ್ಬರೂ ಕೂಡಿಯೇ ಇಳಿಯುತ್ತಿದ್ದರು.

"ನಿಮ್ಮ ಉಪ್ಪಿನಕಾಯಿ ಭರಣಿಯೊಳಗ ಹಾಕಿದ್ರೂ ಇವು ಸಾಯಾಂಗಿಲ್ರಿ ಅಕ್ಕೋರ, ಭಾಳ ಹಟಮಾರಿ... ನಿಮ್ಮಂಗ," ಎಂದು ಒಮ್ಮೆ ನಕ್ಕಿದ್ದಳು.

ಆ ವರ್ಷ ನಮ್ಮ ಕನ್ನಡ ಸಂಘದವರು ಸ್ಮರಣ ಸಂಚಿಕೆಗಾಗಿ ಅವಳಿಂದ ಲೇಖನ ಕೇಳಿದರು. ಬರೆದು ನನ್ನ ಬಳಿಗೆ ತಂದಳು. "ಇದ್ನೊಮ್ಮೆ ತಿದ್ದಿ ಕೊಡ್ರಿ. ಇಂಗ್ಲಿಷಿನ್ಯಾಗ ಬರದು ಬರದು ನನ್ನ ಕನ್ನಡಕ್ಕ ತುಕ್ಕ ಹಿಡದೈತಿ."

ಕನ್ನಡಕ್ಕೆ ತುಕ್ಕು ಹಿಡಿದಿರಲಿಲ್ಲ. ಆದರೆ ವಾಕ್ಯ ವಾಕ್ಯಕ್ಕೂ 'ನಾವು ಬೆಳೆಸಿದೆವು', 'ನಾವು ಕಂಡುಕೊಂಡೆವು' ಎಂದಿತ್ತು. ಕೆಳಗೆ ಹೆಸರು ಮಾತ್ರ ಒಂದೇ.

"ಬರದಾಕಿ ನೀ ಒಬ್ಬಾಕಿ. 'ನಾವು' ಅನ್ನಾಕ ನೀ ಏನ್ ಮಹಾರಾಣಿ ಏನವ್ವಾ?"

"ನಮ್ಮಲ್ಲಿ ಹಂಗ ಬರೀತಾರ್ರಿ. ಯಾಕಂದ್ರ ನಾವಿಬ್ರೂ..."

"ಲ್ಯಾಬಿಗೆ ಬ್ಯಾರೆ ವ್ಯಾಕರಣ ಇಲ್ಲ," ಎಂದು ಅವಳ ಮಾತನ್ನು ಅಲ್ಲೇ ಕತ್ತರಿಸಿದೆ. ಕರ್ತೃಪದ ಏಕವಚನದಲ್ಲಿದ್ದರೆ ಕ್ರಿಯಾಪದವೂ ಏಕವಚನದಲ್ಲಿರಬೇಕು. ಎಲ್ಲ 'ನಾವು'ಗಳನ್ನೂ 'ನಾನು' ಮಾಡಿ, ಕ್ರಿಯಾಪದಗಳನ್ನು ಅದಕ್ಕೆ ಸರಿಯಾಗಿ ಹೊಂದಿಸಿ ಕೊಟ್ಟೆ. ಶಾಲೆಯ ಹುಡುಗಿಯಂತೆ ತಲೆಯಾಡಿಸಿ ತೆಗೆದುಕೊಂಡು ಹೋದಳು.

ಸಂಚಿಕೆ ಅಚ್ಚಾಯಿತು. ಅವರ ಲ್ಯಾಬಿನ ಗಾಡಿಯ ಚಾಲಕ ಗದಗಿನವನು. ನಮ್ಮೂರ ಕಡೆಯ ಹುಡುಗಿ ಎಂಬ ಹೆಮ್ಮೆಯಿಂದ ಅವನು ಅದನ್ನು ಆ ಸಹಸಂಶೋಧಕಿಗೆ ಕೊಂಕಣಿಯಲ್ಲಿ ಓದಿ ಹೇಳಿದನಂತೆ. ಓದಿದಷ್ಟೂ 'ಹಾಂವೆಂ, ಹಾಂವೆಂ' ಎಂದೇ. ಎಲ್ಲವನ್ನೂ ನಾನೇ ಮಾಡಿದೆ, ನಾನೇ ಕಂಡೆ ಎಂದು.

"ಇವತ್ತ ಆಕಿ ಊಟಕ್ಕ ನನ್ನ ಜೋಡಿ ಕೂಡ್ಲಿಲ್ರಿ," ಎಂದು ಆ ಸಂಜೆ ಬಾಗಿಲಲ್ಲಿ ನಿಂತು ಹೇಳಿದಳು. ಅವರ ವಿದ್ಯೆಯಲ್ಲಿ 'ನಾವು' ಎಂಬುದು ದೊಡ್ಡಸ್ತಿಕೆಯಲ್ಲ, ಕೆಲಸ ಯಾರ್‍ಯಾರದು ಎಂಬುದರ ಗುರುತು ಎಂದು ನನಗೆ ತಿಳಿದದ್ದು ಆಗ. ಕನ್ನಡದಲ್ಲಿ ವಾಕ್ಯದ ಕರ್ತೃವಿಗೂ ಕೃತಿಯ ಕರ್ತೃವಿಗೂ ಇರುವುದು ಒಂದೇ ಶಬ್ದ. ಒಂದನ್ನು ತಿದ್ದುವಾಗ ಇನ್ನೊಂದಕ್ಕೆ ಕೈ ಹಾಕಿದ್ದೇನೆಂದು ನನಗೆ ಹೊಳೆದೇ ಇರಲಿಲ್ಲ.

"ನಡಿ, ತಿದ್ದಿದಾಕಿ ನಾನು ಅಂತ ನಾನ ಬಂದು ಹೇಳ್ತೇನಿ."

"ಬ್ಯಾಡ್ರಿ. ಕೆಳಗ ಹೆಸರ ನಂದೈತಿ. ಹೆಸರ ನಂದು, ತಪ್ಪ ಅಕ್ಕೋರ್ದು ಅಂದ್ರ ಯಾರ ನಂಬ್ತಾರ್ರಿ? ತಿದ್ದಿದವ್ರು ನೀವು ಖರೇ, ಒಪ್ಪಿದಾಕಿ ನಾ. ಯಾರಿಗೂ ಹೇಳಬ್ಯಾಡ್ರಿ, ನನ್ನಾಣಿ."

ಆ ಮಾತು ಕೇಳಿ ನನಗೆ ಹಗುರವಾಯಿತು. ಹೌದು, ಹಗುರವೇ ಆಯಿತು... ಇಂದಿಗೂ ಚುಚ್ಚುವುದು ಅದು. ಆಣೆ ಅವಳದು, ಅದರ ಅನುಕೂಲ ನನ್ನದು.

ಅವರಿಬ್ಬರ ಪ್ರಬಂಧ ಆಗ ವಿದೇಶದ ಪತ್ರಿಕೆಗೆ ಹೋಗುವುದರಲ್ಲಿತ್ತು. ಕೆಲಸದ ಹೆಚ್ಚಿನ ಪಾಲು ಅವಳದಾದ್ದರಿಂದ ಮೊದಲ ಹೆಸರೂ ಅವಳದೇ ಎಂದು ನಿಶ್ಚಯವಾಗಿತ್ತು. ಮುಂದೆ ಒಳ್ಳೆಯ ಲ್ಯಾಬುಗಳ ಬಾಗಿಲು ತೆರೆಯುವುದು ಆ ಮೊದಲ ಹೆಸರಿಗೇ. ಅವಳು ಮಾರ್ಗದರ್ಶಕರ ಬಳಿ ಹೋಗಿ ಗೆಳತಿಯ ಹೆಸರನ್ನು ಮೊದಲಿಗೆ ಹಾಕಿಸಿದಳು. ಮುನಿಸು ಇಳಿಯಬಹುದೆಂದು ಅವಳು ಎಣಿಸಿದ್ದಳು. ಗೆಳತಿ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದಳು. ಆಮೇಲೆ ಇಬ್ಬರೂ ಮಿಠಾಗರಕ್ಕೆ ಕೂಡಿ ಹೋದದ್ದಿಲ್ಲ.

"ಹೆಸರ ಹಿಂದ ಇದ್ರೇನ್ರಿ, ಮುಂದ ಇದ್ರೇನ್ರಿ. ಆ ಹುಳಕ್ಕ ನಮ್ಮಿಬ್ರ ಹೆಸರೂ ಗೊತ್ತಿಲ್ಲ," ಎಂದು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ಸಮಾಧಾನಪಡಿಸಿದಳು. ನಾನು ನಗಲಿಲ್ಲ. ಅವಳೂ ನಗಲಿಲ್ಲ.

ಬಯಸಿದ ಲ್ಯಾಬು ಅವಳಿಗೆ ಸಿಗಲಿಲ್ಲ. ಪಿಎಚ್‌ಡಿ ಮುಗಿಸಿ ಊರ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದಳಂತೆ. ಹಬ್ಬಕ್ಕೆ ಬರುತ್ತಿದ್ದ ಫೋನು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ... ಕಳೆದ ಮಳೆಗಾಲದಲ್ಲಿ ಫೋಂಡಾದಿಂದ ಅವಳ ಅಣ್ಣ ಫೋನು ಮಾಡಿ, ಕಾಯಿಲೆಯಿಂದ ಹೋಗಿಬಿಟ್ಟಳು ಎಂದ. ನನಗಿಂತ ಎಷ್ಟು ಚಿಕ್ಕವಳು.

ಆಣೆ ಹಾಕಿದವಳೇ ಇಲ್ಲದ ಮೇಲೆ ಆಣೆ ಉಳಿಯುತ್ತದೆಯೋ ಇಲ್ಲವೋ, ನನ್ನ ವ್ಯಾಕರಣದಲ್ಲಿ ಅದಕ್ಕೆ ಸೂತ್ರವಿಲ್ಲ. ಆ ಗೆಳತಿ ಗೋವೆಯಲ್ಲೇ ಇದ್ದಾರೆ ಎಂದು ಕೇಳಿದ್ದೇನೆ. ಎದುರಿಗೆ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ. ಅದಕ್ಕೇ ಬರೆದೆ, ಅದೂ ಅವರಿಗೆ ಓದಲು ಬಾರದ ಕನ್ನಡದಲ್ಲಿ. ಅಂದು ಆ ಚಾಲಕ ಅವರಿಗೆ ಓದಿ ಹೇಳಿದ್ದ. ಇದನ್ನೂ ಯಾರಾದರೂ ಓದಿ ಹೇಳಲಿ. ಹೇಳುವಾಗ ಒಂದನ್ನು ಮಾತ್ರ ತಪ್ಪದೆ ಹೇಳಲಿ: ಅವಳು ಬರೆದದ್ದು 'ನಾವು' ಎಂದೇ.