ನೀರು ನಿಲ್ಲಬೇಕು

"ಕುತ್ತಿಗೆ ಬಿಡು ಮಾರಾಯ, ಕುತ್ತಿಗೆ!"

ಬೆಳಗಿನ ನಮಾಜು ಮುಗಿದು ಕೊಲ್ಲಿ ನಾಡಿನ ಅಲ್ ಕುಸೈಸಿನ ಮಾಂಸದಂಗಡಿಯ ಷಟರು ಅರ್ಧ ಏರಿದೆ ಅಷ್ಟೆ. ಕುಂಞಾಲಿಯ ಕತ್ತಿ ಕುರಿಯ ಹೃದಯದ ಮೇಲೆ ಎತ್ತಿದಲ್ಲೇ ನಿಂತಿದೆ. ಮೇಲಿನ ದಪ್ಪ ನಾಳ ಕಡಿದು, ಹೃದಯ ಸೀಳಿ, ತೊಳೆದು ಕೊಡುವುದು ಅವನ ಕೈಗೆ ಅಂಟಿದ ಅಭ್ಯಾಸ. ಸ್ಟೀಲ್ ಡಬ್ಬಿ ಹಿಡಿದು ಎದುರು ನಿಂತ ಪೂವಪ್ಪ ಅವರಿಗೆ ಬೇಕಾದದ್ದು ಆ ನಾಳವೇ.

"ಕುತ್ತಿಗೆ ಯಾಕೆ ಪೂವಪ್ಪಣ್ಣಾ? ಅದರಲ್ಲಿ ರುಚಿ ಇಲ್ಲ," ಎನ್ನುತ್ತಾನೆ ಉಪ್ಪಳದ ಕುಂಞಾಲಿ. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತು.

"ಹಾಗಾದ್ರೆ ನಿನ್ನ ಹೃದಯವೇ ಕೊಡು. ಒಳಗೆ ಏನಾದ್ರೂ ಉಂಟಾ ಅಂತ ಮಕ್ಕಳು ನೋಡಲಿ."

"ಖಲಾಸ್, ಖಲಾಸ್! ತಕೊಳ್ಳಿ, ಎಂಟು ಹೃದಯವೂ ಇಡೀ ಉಂಟು."

ಪೂವಪ್ಪ ಇಲ್ಲಿನ ಭಾರತೀಯ ಶಾಲೆಯೊಂದರ ಜೀವಶಾಸ್ತ್ರ ಲ್ಯಾಬಿನ ಸಹಾಯಕ. ವಿಟ್ಲದ ಕಡೆಯವರು. ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು. ಸೊಂಟ ಹಿಡಿದ ಮೇಲೆ ಶಾಲೆ ಸೇರಿ ಹದಿನಾಲ್ಕು ವರ್ಷವಾಯಿತು. ಗಾಜು ತೊಳೆಯುವುದು, ಕಪ್ಪೆಯ ಎಲುಬು ಒರೆಸುವುದು, ವರ್ಷಕ್ಕೊಮ್ಮೆ ಹತ್ತನೆಯ ತರಗತಿಗೆ ಹೃದಯ ತರುವುದು ಅವರ ಕೆಲಸ. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹೊಸ ಬಸ್ಸುಗಳಿಗೆ ಎರಡು ಪುಟ ಕೊಟ್ಟಿದ್ದಾರೆ, ಈಜುಕೊಳಕ್ಕೆ ಒಂದು ಪುಟ. ಈ ಮನುಷ್ಯನ ಒಂದು ಫೋಟೋ ಹಾಕಲು ಮಾತ್ರ ಯಾರಿಗೂ ಜಾಗ ಸಿಕ್ಕಿಲ್ಲ.

ಲ್ಯಾಬಿನಲ್ಲಿ ಮಕ್ಕಳು ಮೂಗು ಮುಚ್ಚಿಕೊಂಡು ಸುತ್ತ ನಿಂತಿದ್ದಾರೆ. "ನೀರು ನೀವೇ ಹಾಕಿ ಪೂವಪ್ಪಾ, ನಿಮ್ಮ ಕೈ ಗಟ್ಟಿ," ಎನ್ನುತ್ತಾರೆ ಸಿಸಿಲಿಯಾ ಟೀಚರ್. ಪೂವಪ್ಪ ಹೃದಯವನ್ನು ನೆಟ್ಟಗೆ ಹಿಡಿದು ನಾಳದೊಳಗೆ ನೀರು ಹೊಯ್ಯುತ್ತಾರೆ. ಬುಡದಲ್ಲಿರುವ ಮೂರು ತೆಳು ಜೇಬುಗಳು ನೀರು ತುಂಬಿ ಉಬ್ಬಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನೀರು ಕೆಳಗಿಳಿಯದೆ ನಿಲ್ಲುತ್ತದೆ.

"ಅಂಕಲ್, ಇಟ್ಸ್ ಹೋಲ್ಡಿಂಗ್!" ಅಕ್ಷಿತಾ ಎಂಬ ಹುಡುಗಿ ಮೂಗು ಬಿಟ್ಟು ಕೂಗುತ್ತಾಳೆ.

"ಈ ಬಾಗಿಲು ತೆಗೀಲಿಕ್ಕೆ, ಹಾಕ್ಲಿಕ್ಕೆ ಯಾರೂ ಇಲ್ಲ ಮಗಾ," ಎನ್ನುತ್ತಾರೆ ಪೂವಪ್ಪ. "ಹೋಗುವ ರಕ್ತವೇ ದೂಡಿ ತೆಗೀತದೆ. ಹಿಂದೆ ಬರುವ ರಕ್ತವೇ ಒತ್ತಿ ಹಾಕ್ತದೆ." ಕೆಳಗಿನ ಕೋಣೆ ಹಿಂಡಿದಾಗ ಅದರ ಮೇಲಿನ ಕವಾಟ ಮುಚ್ಚಿ ನಾಳದ ಕವಾಟ ತೆರೆಯುತ್ತದೆ. ಕೋಣೆ ಸಡಿಲವಾದಾಗ ನಾಳದ್ದು ಮುಚ್ಚಿ ಮೇಲಿನದು ತೆರೆಯುತ್ತದೆ. ಎದೆಗೆ ಕಿವಿಯಿಟ್ಟರೆ ಕೇಳುವ ಲಬ್-ಡಬ್ ಈ ಕವಾಟಗಳು ಮುಚ್ಚುವಾಗಿನ ಸದ್ದು.

ಹೋದ ವರ್ಷ ಕವಾಟ ಕೆಟ್ಟದ್ದು ಪೂವಪ್ಪ ಅವರ ಮನೆಯಲ್ಲೇ. ಹೆಂಡತಿ ಲೋಲಾಕ್ಷಿ ಫ್ಲ್ಯಾಟಿನ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಕೆಮ್ಮು. ಎಡಗಡೆಯ ಮೇಲು-ಕೆಳಗಿನ ಕೋಣೆಗಳ ನಡುವಿನ ಕವಾಟ ಸೋರುತ್ತಿದೆ, ಆಪರೇಶನ್ ತಡಮಾಡಿದರೆ ಹೃದಯವೇ ಸೋಲುತ್ತದೆ ಎಂದರು ಡಾಕ್ಟರು.

"ಬಿಚ್ಚಿ ರಿಪೇರಿ ಮಾಡ್ಲಿಕ್ಕೆ ನಾನೇನು ಫ್ರಿಜ್ಜಾ?" ಎಂದರು ಲೋಲಾಕ್ಷಿ. ಆಮೇಲೆ ಆ ಮಾತು ತೆಗೆಯಲು ಬಿಡಲಿಲ್ಲ. ಪೂವಪ್ಪ ಬೇಡಿದರು, ಬೈದರು, ಎರಡು ದಿನ ಊಟ ಬಿಟ್ಟರು. ಆಕೆ ಜಗ್ಗಲಿಲ್ಲ.

ಕುರಿಯ ಹೃದಯ ಹೊಸ್ತಿಲು ದಾಟಬಾರದು ಎಂಬುದು ಆ ಮನೆಯ ಕಾನೂನು. ಒಂದು ಸಂಜೆ ಪೂವಪ್ಪ ಡಬ್ಬಿ ಹಿಡಿದು ಸೀದಾ ಅಡಿಗೆಮನೆಗೆ ನಡೆದರು.

"ಅದು ಒಳಗೆ ಬಂದ್ರೆ ನಾನು ಹೊರಗೆ!"

"ಹೋಗು. ಎರಡು ಮೆಟ್ಟಿಲಿಳಿದು ಕೂತ್ಕೊಳ್ತಿ. ನಾನೇ ಎತ್ಕೊಂಡು ಬರ್ಬೇಕು."

ಲೋಲಾಕ್ಷಿ ಹೋಗಲಿಲ್ಲ, ಮುಖ ತಿರುಗಿಸಿ ನಿಂತರು. ಪೂವಪ್ಪ ಹೃದಯದ ಮೇಲಿನ ಕೋಣೆ ಕತ್ತರಿಸಿ ತೆಗೆದು, ನಾಳದ ಮೂಲಕ ಕೊಳವೆ ಇಳಿಸಿ ಕೆಳಗಿನ ಕೋಣೆಗೆ ನೀರು ತುಂಬಿ ಹಿಂಡಿದರು. ಎರಡು ಬಿಳಿ ಪರದೆಗಳು ಉಬ್ಬಿ ಬಂದು ಕೂಡಿಕೊಂಡವು. ಲೋಲಾಕ್ಷಿ ಕಡೆಗಣ್ಣಿನಲ್ಲಿ ನೋಡಿದರು. ಆಮೇಲೆ ಹತ್ತಿರ ಬಂದರು.

"ಅಡಿಯಲ್ಲಿ ಅದೇನು, ನೂಲಾ?"

"ನೂಲೇ. ಗಾಳಿಗೆ ಕೊಡೆ ಮಗುಚುತ್ತದಲ್ಲ, ಪರದೆ ಹಾಗೆ ಮಗುಚದೆ ಇರ್ಲಿಕ್ಕೆ."

ಪೂವಪ್ಪ ಮಿಷನ್ ಮೇಲಿದ್ದ ಆಕೆಯ ಕೆಂಪು ಹಿಡಿಯ ಪುಟ್ಟ ಕತ್ತರಿ ತಂದು, ಆಕೆ ಬೊಬ್ಬೆ ಹಾಕುವ ಮೊದಲೇ ಎರಡು ನೂಲು ಕತ್ತರಿಸಿ ಮತ್ತೆ ಹಿಂಡಿದರು. ಪರದೆಯ ಅಂಚು ಮಗುಚಿತು. ನೀರು ಚಿಮ್ಮಿ ಅವರ ಮುಖಕ್ಕೇ ಹೊಡೆಯಿತು.

"ನಿನ್ನದು ಇಷ್ಟೇ," ಎಂದರು ಮುಖ ಒರೆಸಿಕೊಂಡು.

ಲೋಲಾಕ್ಷಿ ಪರದೆಯ ಅಂಚನ್ನು ಬೆರಳಲ್ಲಿ ಎಳೆದು ನೋಡಿದರು. "ಬಟ್ಟೆ ಗಟ್ಟಿ ಉಂಟು. ಹೊಲೀಬಹುದು. ಆದ್ರೆ ಬ್ಲೌಸಾದ್ರೆ ಹಾಕಿ ನೋಡಿ ಕೊಡ್ತೇನೆ. ಡಾಕ್ಟರು ಹೊಲಿದದ್ದು ಸರಿಯಾಯ್ತಾ ಅಂತ ನೋಡದೆ ಎದೆ ಮುಚ್ಚಿದ್ರೆ?"

ಪೂವಪ್ಪ ಆಕೆಯನ್ನು ಡಾಕ್ಟರಲ್ಲಿಗೇ ಕರೆದೊಯ್ದರು. ಅಬುಧಾಬಿಯ ಆಸ್ಪತ್ರೆಯಲ್ಲಿ ಸರ್ಜನ್ ಉಮರ್ ಅವರನ್ನು ಆಕೆಯೇ ಕೇಳಿದರು. ಹೈದರಾಬಾದಿನ ಆ ಡಾಕ್ಟರು ನಕ್ಕರು. "ಪಾನೀ ಭರ್‌ಕೇ ದೇಖ್ತೇ ಹೈಂ, ಅಮ್ಮಾ. ಹೊಲಿದ ಮೇಲೆ ಕೋಣೆಗೆ ನೀರು ತುಂಬಿ ನೋಡ್ತೇವೆ. ನಿಂತರೆ ಮಾತ್ರ ಮುಚ್ಚೋದು."

ಲೋಲಾಕ್ಷಿ ಗಂಡನ ಕಡೆ ತಿರುಗಿದರು. "ಇವರೂ ನಿಮ್ಮ ಹಾಗೇ ಮಾಡೋದಾ?" ಎಂದವರೇ ಡಾಕ್ಟರಿಗೆ, "ಹಾಗಾದ್ರೆ ಯಾವತ್ತು ಬರ್ಲಿ?" ಎಂದು ಕೇಳಿದರು.

ಈಗ ಆಕೆ ಮತ್ತೆ ಮಿಷನ್ ತುಳಿಯುತ್ತಾರೆ. ಕೆಂಪು ಹಿಡಿಯ ಕತ್ತರಿಗೆ ಮಾತ್ರ ಮನೆಯಲ್ಲಿ ಜಾಗವಿಲ್ಲ. ಅದು ಲ್ಯಾಬಿನ ಡ್ರಾಯರಿನಲ್ಲಿದೆ.

ಆಪರೇಶನ್ ದಿನದ ಬಗ್ಗೆ ಕೇಳಿದರೆ ಪೂವಪ್ಪ ಬಟ್ಟಲು ತೊಳೆಯುವುದನ್ನು ನಿಲ್ಲಿಸುತ್ತಾರೆ. "ಡಾಕ್ಟರು ಹೊರಗೆ ಬಂದ್ರು. ನನ್ನ ಬಾಯಿಂದ ಹೆಂಡತಿ ಹೇಗಿದ್ದಾಳೆ ಅಂತ ಬರ್ಲಿಲ್ಲ ಮಾರಾಯ್ರೆ. ಪಾನೀ? ಅಂತ ಅಷ್ಟೇ ಬಂತು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, ನಿಂತಿತು ಅಂದ್ರು."

ಬಟ್ಟಲನ್ನು ಕವುಚಿಟ್ಟು ಕೈ ಒರೆಸಿಕೊಳ್ಳುತ್ತಾರೆ. "ಇಷ್ಟು ವರ್ಷ ಮಕ್ಕಳೆದುರು ನೀರು ಹೊಯ್ದೆ. ಆ ದಿನ ಬೇರೆಯವರು ಹೊಯ್ದ್ರು. ಅವರದ್ದೂ ನಮ್ಮ ಕೆಲಸವೇ."