ಮಾತು ತೆಲುಗಿನಲ್ಲಿ ನಡೆಯಿತು, ಕಾಫಿ ಕೊಟ್ಟವಳು ನಾನು

ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಹೂ ಮಾರುವ ಅಜ್ಜಿಯೊಬ್ಬಳು ನನ್ನ ಸೂಟ್‌ಕೇಸಿನ ಮೇಲೆ ಕೈಯಿಟ್ಟು, "ನೀದಿ ಏ ಊರಮ್ಮಾ?" ಎಂದಳು. ನಾನು ಬೆಪ್ಪಾದೆ. ಕಂಡಕ್ಟರ್ ನನ್ನನ್ನು ಆಂಧ್ರದಲ್ಲಿ ಇಳಿಸಿ ಹೋದನೇನೋ ಎಂದು ಸುತ್ತ ನೋಡಿದೆ. ಹಣ್ಣಿನ ಗಾಡಿಯವನೂ ತೆಲುಗು, ಆಟೋದವನೂ ತೆಲುಗು. "ಕನ್ನಡದಾಗ ಹೇಳ್ರೀ ಅಜ್ಜಿ" ಎಂದಿದ್ದಕ್ಕೆ ಅವಳು ಗೊಳ್ಳೆಂದು ನಕ್ಕು, "ಯಾವೂರಮ್ಮ ನಿಂದು, ಇಷ್ಟೊಂದು ರೀ ರೀ ಅಂತೀಯ?" ಎಂದು ಚೆಂದದ ಕನ್ನಡದಲ್ಲೇ ಕೇಳಿದಳು. ಕನ್ನಡನಾಡಿನೊಳಗೇ ವಲಸೆ ಹೋದರೆ ಭಾಷೆಯ ತಾಪತ್ರಯವಿಲ್ಲ ಎಂದು ವಿಜಯಪುರದ ಕಡೆಯ ನಾವು ನಂಬಿಕೊಂಡಿರುತ್ತೇವಲ್ಲ, ಅದು ಸುಳ್ಳು. ಇಲ್ಲಿಯವರು ಒಂದು ವಾಕ್ಯವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ.

ನಾನು ಬಂದದ್ದು ಒಂದು ಸಂಸ್ಥೆಯ ಕೆಲಸಕ್ಕೆ. ಕಿವಿ ಕೇಳದ, ಕಣ್ಣು ಕಾಣದ, ನಡೆಯಲು ತೊಡಕಿರುವ, ಕಲಿಕೆಯಲ್ಲಿ ನಿಧಾನವಿರುವ ಹೈಸ್ಕೂಲು ಮಕ್ಕಳನ್ನು ದುಡಿಮೆಗೆ ಅಣಿಮಾಡುವುದು. ಶಾಲೆಯಿರುವವರೆಗೆ ಈ ಮಕ್ಕಳಿಗೆ ಬಿಸಿಯೂಟವಿದೆ, ಗೆಳೆಯರಿದ್ದಾರೆ. ಹತ್ತನೇ ತರಗತಿ ಮುಗಿದ ಮರುದಿನವೇ ಮನೆಯ ಬಾಗಿಲು ಹಾಕಿಕೊಳ್ಳುತ್ತದೆ. ಆ ಬಾಗಿಲಿಗೆ ಕಾಲು ಅಡ್ಡ ಕೊಡುವುದೇ ನನ್ನ ಕೆಲಸ. ಒಂದು ದಿನ ಶಿಡ್ಲಘಟ್ಟ, ಒಂದು ದಿನ ಗೌರಿಬಿದನೂರು, ತಿಂಗಳಿಗೊಮ್ಮೆ ಮೀಟಿಂಗಿಗೆ ಚಿಕ್ಕಬಳ್ಳಾಪುರ, ಉಳಿದಂತೆ ಚಿಂತಾಮಣಿ.

ಮನೆ ಹುಡುಕುವಾಗ ಅಳು ಬಂತು. ಬಾಗಿಲು ತೆರೆದವರೆಲ್ಲ ಮೊದಲು "ಯಾವ ಜನ?" ಎಂದು ಕೇಳಿದರು, ಆಮೇಲೆ "ಒಬ್ಳೇನಾ?" ಎಂದರು. ನಮ್ಮ ಕಡೆ ಜಾತಿ ಕೇಳುವುದಿಲ್ಲವೆಂದಲ್ಲ, ಮೊದಲು ನೀರು ಕೊಟ್ಟು ಆಮೇಲೆ ಕೇಳುತ್ತೇವೆ. ಸರೋಜಮ್ಮ ಎಂಬಾಕೆ ಮಾತ್ರ ಏನೂ ಕೇಳದೆ ಮಹಡಿಯ ಕೋಣೆಯ ಬೀಗದಕೈ ಕೊಟ್ಟರು. "ಊಟ ಮಾಡಿದ್ಯೇನಮ್ಮ?" ಎಂದಷ್ಟೇ ಕೇಳಿದ್ದು. ಅಷ್ಟಕ್ಕೇ ನಾನು ಅವರಿಗೆ ಸೋತುಹೋದೆ.

ರೊಟ್ಟಿ ತಿಂದು ಬೆಳೆದ ನನಗೆ ಮುದ್ದೆ ನುಂಗಲು ಕಲಿಸಿದವರೂ ಅವರೇ. ನಾನು ಅಗಿಯುವುದನ್ನು ನೋಡಿ ಮನೆಮಂದಿಯೆಲ್ಲ ನಕ್ಕರು. "ಹಲ್ಲಿಗೆ ರಜಾ ಕೊಡು ಕಣೇ, ಸಾರಲ್ಲಿ ಹೊರಳಿಸಿ ಗುಳುಂ ಅನ್ಸು" ಎಂದು ಸರೋಜಮ್ಮ ಹೇಳಿಕೊಟ್ಟರು. ಮೊದಲ ತುತ್ತು ಸರಾಗವಾಗಿ ಇಳಿದ ದಿನ ಊರಲ್ಲಿರುವ ನಿಮಗೆಲ್ಲ ಫೋನ್ ಮಾಡಿ ಕೊಚ್ಚಿಕೊಂಡಿದ್ದೆ, ನೆನಪಿರಬೇಕು. ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವರು ಅವರು. ನಾನು ಅವರನ್ನು ತಾಯಿಯ ಜಾಗದಲ್ಲಿ ಕೂರಿಸಿದ್ದೆ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಅಂಬಾಜಿದುರ್ಗದ ರಸ್ತೆಯಲ್ಲಿ ಅವರದೊಂದು ಸಸಿ ನರ್ಸರಿ ಇದೆ. ಹಸಿರು ನೆರಳುಬಲೆಯ ಕೆಳಗೆ ಟೊಮೆಟೊ, ಕ್ಯಾಪ್ಸಿಕಂ ಸಸಿಗಳ ಸಾಲು. ಗುಳಿಗುಳಿಯಾದ ಟ್ರೇಗೆ ತೆಂಗಿನ ನಾರಿನ ಪುಡಿ ತುಂಬಿ, ಬೆರಳಿನಿಂದ ಒತ್ತಿ, ಗುಳಿಗೊಂದು ಬೀಜ ಹಾಕಬೇಕು. ಅಲ್ಲಿಗೆ ನಾನು ರತ್ನಳನ್ನು ಕರೆದೊಯ್ದೆ. ರತ್ನಳಿಗೆ ಹುಟ್ಟಿನಿಂದ ಕಿವಿ ಕೇಳದು. ತಡವಾಗಿ ಶಾಲೆಗೆ ಸೇರಿದ್ದರಿಂದ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಹದಿನೆಂಟು ದಾಟಿತ್ತು. ತಾಯಿ ವೆಂಕಟಲಕ್ಷ್ಮಮ್ಮ ಟೊಮೆಟೊ ತೋಟಗಳಲ್ಲಿ ಕೂಲಿ. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗಿ ನರ್ಸರಿಯಲ್ಲಿ ಬೇರೆಯೇ ಆದಳು. ಮೊಳಕೆ ಕಂಡಾಗ ಓಡಿಬಂದು ನನ್ನ ಸೆರಗು ಜಗ್ಗಿ ತೋರಿಸುತ್ತಿದ್ದಳು. ಒಂದು ವರ್ಷ ಶನಿವಾರಗಳಂದು ಅಭ್ಯಾಸ ಮಾಡಿದಳು. ಒಬ್ಬಳೇ ಬಸ್ಸು ಹತ್ತುವುದು, ಗಡಿಯಾರ ನೋಡಿ ಏಳುವುದು, ಬರಲಾಗದಿದ್ದರೆ ವಿಡಿಯೋ ಕಾಲಿನಲ್ಲಿ ಕೈಸನ್ನೆಯಿಂದ ತಿಳಿಸುವುದು, ಎಲ್ಲವನ್ನೂ ಕಲಿಸಿದೆ. "ಪರೀಕ್ಷೆ ಮುಗಿಸ್ಲಿ, ನಮ್ಮಲ್ಲೇ ಕೆಲ್ಸ" ಎಂದು ಸರೋಜಮ್ಮ ಮುಖ್ಯೋಪಾಧ್ಯಾಯಿನಿಯ ಎದುರೇ ಮಾತು ಕೊಟ್ಟರು. ರತ್ನ ಆವತ್ತಿನಿಂದ ಯಾರು ಸಿಕ್ಕರೂ ಬೆರಳಿನಿಂದ ಅಂಗೈ ಒತ್ತಿ ತೋರಿಸುತ್ತಿದ್ದಳು. ಬೀಜ ಹಾಕುವುದು ನನ್ನ ಕೆಲಸ ಎಂದು ಅದರ ಅರ್ಥ.

ಪರೀಕ್ಷೆ ಮುಗಿದ ವಾರ ವೆಂಕಟಲಕ್ಷ್ಮಮ್ಮ ಮಗಳೊಂದಿಗೆ ಮನೆಗೆ ಬಂದರು. ಸರೋಜಮ್ಮ ನಡುಮನೆಯಲ್ಲಿ ಕೂರಿಸಿ, "ಸ್ವಲ್ಪ ಕಾಫಿ ಮಾಡಮ್ಮ" ಎಂದು ನನಗೆ ಹೇಳಿದರು. ಮನೆಮಗಳಂತೆ ಅಡುಗೆಮನೆ ಹೊಕ್ಕು ಖುಷಿಯಿಂದಲೇ ಮಾಡಿ ತಂದೆ. ಇಬ್ಬರೂ ತೆಲುಗಿನಲ್ಲಿ ಮಾತಾಡುತ್ತಿದ್ದರು. ನನಗೆ ತಿಳಿದದ್ದು ರತ್ನಳ ಹೆಸರೊಂದೇ. ವೆಂಕಟಲಕ್ಷ್ಮಮ್ಮ ಒಮ್ಮೆ ಕಣ್ಣೊರೆಸಿಕೊಂಡರು, ಆಮೇಲೆ ತಲೆಯಾಡಿಸಿದರು. "ಏನಂತೆ?" ಎಂದು ರತ್ನ ಸನ್ನೆ ಮಾಡಿ ಕೇಳಿದಳು. ನರ್ಸರಿಯ ಮಾತಲ್ಲದೆ ಇನ್ನೇನಿದ್ದೀತು? "ನಿನ್ನ ಕೆಲಸದ ಮಾತು. ಒಳ್ಳೆಯದು" ಎಂದು ಸನ್ನೆ ಮಾಡಿದೆ. ಅವಳು ನಕ್ಕು ಲೋಟ ಎತ್ತಿಕೊಂಡಳು.

ತಂಗಿಯ ಮದುವೆಗೆಂದು ಊರಿಗೆ ಬಂದು ಹೋದೆನಲ್ಲ, ಹಿಂದಿರುಗಿ ನರ್ಸರಿಗೆ ಹೋದರೆ ರತ್ನ ಇರಲಿಲ್ಲ. ಸರೋಜಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು.

"ರತ್ನನಾ? ಬೆಂಗ್ಳೂರಲ್ಲವ್ಳೆ, ನಮ್ ಮಗ್ಳ ಮನೇಲಿ. ಕೂಸು ನೋಡ್ಕೊಂಡು, ಪಾತ್ರೆಗೀತ್ರೆ ತೊಳ್ಕೊಂಡು ಚೆನ್ನಾಗವ್ಳೆ."

"ನರ್ಸರಿಗೆ ಅಂದಿದ್ರಲ್ರೀ!"

"ನರ್ಸರಿಗೆ ಯಾರಾದ್ರೂ ಸಿಗ್ತಾರೆ ಕಣಮ್ಮ. ಅಲ್ಲಿ ಹಿಂದೆ ಕೆಲ್ಸಕ್ಕಿದ್ದೋಳು ಮನೇಲಿ ಆಡಿದ್ದನ್ನೆಲ್ಲ ಪಕ್ಕದ ಫ್ಲಾಟಲ್ಲಿ ಊದ್ತಿದ್ಳು. ಇವ್ಳಿಗೆ ಕಿವಿನೂ ಇಲ್ಲ, ಬಾಯಿನೂ ಇಲ್ಲ. ಮೇಲಾಗಿ ನಿನ್ ಟ್ರೈನಿಂಗ್ ಆಗದೆ, ಹೇಳಿದ ಟೈಮಿಗೆ ಏಳ್ತಾಳೆ. ಇಂಥೋಳು ಎಲ್ಲಿ ಸಿಗ್ತಾಳೆ ಹೇಳು?"

ಹೊಗಳಿಕೆಯಂತೆಯೇ ಹೇಳಿದರು. ನನಗೆ ಒಂದು ಮಾತು ತಿಳಿಸಬಾರದಿತ್ತೇ ಎಂದು ಕಿರುಚಿದೆ.

"ಅಯ್ಯೋ, ನಿನ್ ಮುಂದೇನೇ ಮಾತಾಡಿದ್ವಲ್ಲೇ! ನೀನೇ ಕಾಫಿ ಕೊಟ್ಟೆ."

ಕಿವಿ ಕೇಳದ ಮಕ್ಕಳೆದುರು ಅವರ ವಿಚಾರ ಅವರಿಗೆ ತಿಳಿಯದಂತೆ ಮಾತಾಡಬೇಡಿ ಎಂದು ಶಾಲೆ ಶಾಲೆಗೆ ಹೋಗಿ ಬುದ್ಧಿ ಹೇಳುವವಳು ನಾನು. ನನ್ನನ್ನೇ ಹಾಗೆ ಕೂರಿಸಿ, ನನ್ನ ಕೈಯಿಂದಲೇ ಕಾಫಿ ಕುಡಿದು, ಹುಡುಗಿಯನ್ನು ಸಾಗಿಸಿದ್ದರು. ವೆಂಕಟಲಕ್ಷ್ಮಮ್ಮನ ಬಳಿ ಓಡಿದೆ. "ನರ್ಸರಿಗೆ ಗಂಡಸ್ರು ಬರ್ತಾರೆ ಮೇಡಂ. ಏನಾದ್ರೂ ಆದ್ರೆ ನಮ್ ಹುಡ್ಗಿ ಕೂಗಕ್ಕಾಗ್ತದಾ?" ಎಂದರು. ಈ ಭಯವನ್ನು ವರ್ಷವಿಡೀ ನನ್ನ ಬಳಿ ಕನ್ನಡದಲ್ಲಿ ಒಮ್ಮೆಯೂ ಆಡಿರಲಿಲ್ಲ. ಸರೋಜಮ್ಮನೊಂದಿಗೆ ತೆಲುಗಿನಲ್ಲಿ ಆಡಿದ್ದರು.

ಬೆಂಗಳೂರಿಗೆ ಹೋದೆ. ಸರೋಜಮ್ಮನ ಮಗಳು ಮರ್ಯಾದೆಯಿಂದಲೇ ಒಳಗೆ ಕರೆದಳು. ರತ್ನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಂದಳು. ಅಂಗೈ ಸೋಪಿನಿಂದ ಬೆಳ್ಳಗಾಗಿತ್ತು. "ನಡಿ, ಹೋಗೋಣ. ಬೇರೆ ನರ್ಸರಿ ನೋಡೋಣ" ಎಂದು ಸನ್ನೆ ಮಾಡಿದೆ. ಅವಳು ಅಲುಗಲಿಲ್ಲ. ಒಂದೇ ಕೈಯಲ್ಲಿ, ನಿಧಾನವಾಗಿ ಹೇಳಿದಳು. "ನೀನು ಅಲ್ಲೇ ಇದ್ದೆ. ಒಳ್ಳೆಯದು ಅಂದೆ."

ನನಗೆ ತಿಳಿಯಲಿಲ್ಲ ಎಂದೆ. ಅವಳು ನನ್ನ ಕಿವಿಯತ್ತ ಬೆರಳು ತೋರಿದಳು.

ತೆಲುಗಿಗೆ ನಮ್ಮಿಬ್ಬರ ನಡುವೆ ಸನ್ನೆಯೇ ಇರಲಿಲ್ಲ. ಅವರು ಆಡಿದ್ದು ತೆಲುಗು, ನನಗೆ ಅದು ಬರುವುದಿಲ್ಲ ಎಂದು ಮೊಬೈಲಿನಲ್ಲಿ ಬರೆದು ತೋರಿಸಿದೆ. ಓದಿದಳು. ಅವಳಿಗೆ ಬಾಯಿ ಅಲ್ಲಾಡುವುದೆಲ್ಲ ಒಂದೇ ಮಾತು, ಕಿವಿಯಿದ್ದವರಿಗೆಲ್ಲ ಅದು ತಿಳಿಯುತ್ತದೆ. "ಅಮ್ಮನ ಮಾತು ಅಂಗಡಿಯವನಿಗೆ ತಿಳಿಯುತ್ತೆ. ಡ್ರೈವರಿಗೆ ತಿಳಿಯುತ್ತೆ. ನಿನಗೆ ತಿಳಿಯಲ್ಲವಾ?" ಎಂದಳು. ಅಷ್ಟರಲ್ಲಿ ಕೂಸು ಅತ್ತದ್ದು ಅವಳ ಮೈಗೆ ಗೊತ್ತಾಯಿತು. ಬೆನ್ನು ತಿರುಗಿಸಿ ಒಳಗೆ ಹೋದಳು. ಕಿವಿ ಕೇಳದವರು ಬೆನ್ನು ತಿರುಗಿಸಿದರೆ ಮಾತು ಮುಗಿಯಿತು. ಹಿಂದಿನಿಂದ ಕೂಗಲೂ ಆಗುವುದಿಲ್ಲ.

ಈಗ ಎರಡು ಬೀದಿ ಆಚೆ ಬೇರೆ ಕೋಣೆಯಲ್ಲಿದ್ದೇನೆ. ಸರೋಜಮ್ಮ ಈಗಲೂ ಡಬ್ಬಿಯಲ್ಲಿ ಸಾರು ಕಳಿಸುತ್ತಾರೆ. ತೆರೆಯದೆ ವಾಪಸು ಕಳಿಸುತ್ತೇನೆ, ಹಸಿದ ದಿನ ತಿಂದೂಬಿಡುತ್ತೇನೆ, ತಿಂದು ನನ್ನನ್ನೇ ಬೈದುಕೊಳ್ಳುತ್ತೇನೆ. ಹಟಕ್ಕೆ ಬಿದ್ದು ತೆಲುಗು ಕಲಿತೆ. ವಾಪಸು ಬಾ ಎಂದು ನೀವು ಕರೆಯುತ್ತೀರಿ. ಬಂದರೆ ನನ್ನ ಮಾತಿನಲ್ಲಿ ನುಸುಳುವ ಈ ಕಡೆಯ ರಾಗಕ್ಕೆ ನಗುತ್ತೀರಿ. ಇಲ್ಲಿಯವರಿಗೆ ನಾನಿನ್ನೂ ರೀ ರೀ ಮೇಡಂ. ನಾನು ಹೊರಗಿನವಳು, ಆ ದಿನ ಒಂದಕ್ಷರವೂ ತಿಳಿಯಲಿಲ್ಲ ಎಂದರೆ ನೀವೂ ನಂಬುತ್ತೀರಿ, ಇವರೂ ನಂಬುತ್ತಾರೆ. ನಂಬದವಳು ರತ್ನ ಒಬ್ಬಳೇ. ಈ ಇಡೀ ಊರಿನಲ್ಲಿ ನನ್ನನ್ನು ಪೂರ್ತಿಯಾಗಿ ಇಲ್ಲಿಯವಳೆಂದು ಒಪ್ಪಿಕೊಂಡವಳೂ ಅವಳೊಬ್ಬಳೇ.