ಕತ್ತಿಹಲ್ಲಿಗೆ ಮೂರನೇ ನಂಬರ್ ಬಣ್ಣ

ಹಲ್ಲಕ್ಕನ ಕೈಕೆಲಸ ಊರಿನ ಅರ್ಧಕ್ಕರ್ಧ ಬಾಯಿಗಳಲ್ಲಿದೆ. ಅದನ್ನು ಒಪ್ಪಿಕೊಳ್ಳುವ ಬಾಯಿ ಮಾತ್ರ ಒಂದೂ ಇಲ್ಲ.

ಮೂವತ್ತನಾಲ್ಕು ವರ್ಷದಿಂದ ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಾಳೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಎಬ್ಬಿಸಿ, ಮೇಣದ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಕೊನೆಗೆ ಗುಲಾಬಿ ಬಣ್ಣದ ಒಸಡಿನ ಸಮೇತ ಸೆಟ್ಟು ತಯಾರು ಮಾಡುತ್ತಾಳೆ. ಕೆಲಸದ ಕೋಣೆ ಮನೆಯ ಮುಂಭಾಗದಲ್ಲೇ ಇದೆ. ಕಿಟಕಿಗೆ ತಾಗಿದ ಉದ್ದನೆಯ ಮೇಜು, ಅದರ ಮೇಲೆ ಉಜ್ಜುವ ಮೋಟಾರು, ಸ್ಪಿರಿಟ್ ದೀಪ, ಮೇಲಿನ ಕೆಳಗಿನ ಸಾಲು ಸರಿಯಾಗಿ ಕೂಡುತ್ತವೆಯೇ ನೋಡಲು ಹಿತ್ತಾಳೆಯ ಒಂದು ದವಡೆ ಯಂತ್ರ. ಗೋಡೆಯ ಗೂಡುಗಳಲ್ಲಿ ಪ್ಲಾಸ್ಟರ್ ದವಡೆಗಳು ಸಾಲಾಗಿ ಕೂತಿವೆ. ಹೊಸದಾಗಿ ಒಳಗೆ ಬಂದವರಿಗೆ, ತಮ್ಮ ಬೆನ್ನ ಹಿಂದೆ ಯಾರೋ ನಕ್ಕ ಹಾಗೆ ಅನ್ನಿಸುತ್ತದೆ.

ಕಸುಬು ಕಲಿಸಿದ್ದು ಮಾವ. ಈಗ ಅವರಿಲ್ಲ, ಆದರೆ ಅವರ ಎರಡು ಪಾಠಗಳು ಇವೆ. ಒಂದು: "ನಾವು ಮಾಡಿದ ಹಲ್ಲು ಕಣ್ಣಿಗೆ ಬಿತ್ತು ಅಂದ್ರೆ ಕೆಲಸ ಕೆಡ್ತು ಅಂತ." ಎರಡು: "ಯಾರ ಬಾಯಲ್ಲಿ ಏನಿದೆ ಅಂತ ನಾವು ಬಾಯಿ ಬಿಡಬಾರದು. ಬೀದೀಲಿ ಗಿರಾಕಿ ಮೊದಲು ಮಾತಾಡಿಸಿದ್ರೆ ಮಾತ್ರ ಮಾತು."

ಗಿರಾಕಿಗಳು ಯಾರೂ ಮಾತಾಡಿಸುವುದಿಲ್ಲ. ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಇದ್ದಾರೆ. ಹನ್ನೊಂದು ವರ್ಷದಿಂದ ಅವರು ತಿನ್ನುವುದು, ಗದರುವುದು, ಭಾಷಣ ಮಾಡುವುದು ಎಲ್ಲವೂ ಹಲ್ಲಕ್ಕನ ಹಲ್ಲಿನಲ್ಲೇ. ಆದರೆ ಅವಳು ಎದುರಿಗೆ ಬಂದರೆ ಸಾಕು, ಅವರಿಗೆ ಪಕ್ಕದ ಲೈಟ್ ಕಂಬದಲ್ಲಿ ಓದಲೇಬೇಕಾದ ಏನೋ ಒಂದು ಕಾಣಿಸುತ್ತದೆ. ಕಂಬದ ಮೇಲೆ ಏನೂ ಇರುವುದಿಲ್ಲ.

ಹಲ್ಲಕ್ಕನಿಗೆ ಇದರಲ್ಲಿ ಬೇಸರವಿರಲಿಲ್ಲ. ಆದರೆ ಎದುರು ಅಂಗಡಿಯ ಟೈಲರ್, ದಾರಿಯಲ್ಲಿ ಹೋಗುವವರ ಕೋಟು ತೋರಿಸಿ "ಆ ಭುಜ ನೋಡಕ್ಕ, ನನ್ನ ಕೈಯದು" ಎಂದಾಗಲೆಲ್ಲ ಎದೆಯಲ್ಲಿ ಸಣ್ಣದೊಂದು ಮುಳ್ಳು ಆಡುತ್ತಿತ್ತು.

"ಬೆರಳು ಮಾಡಿ ತೋರಿಸಿ ಇದು ನಂದು ಅನ್ನೋಕೆ ಒಂದಾದ್ರೂ ಬೇಕಿತ್ತು ಅತ್ತೆ," ಎಂದಳು ಒಂದು ದಿನ.

ಅತ್ತೆಗೆ ಎಂಬತ್ತೊಂದು. ಬಾಯಲ್ಲಿ ಇಪ್ಪತ್ತಾರು ಸ್ವಂತ ಹಲ್ಲು. ಸೊಸೆಗೆ ವ್ಯಾಪಾರ ಕೊಡದ ಮುದುಕಿ ಈ ಬೀದಿಯಲ್ಲಿ ತಾನೊಬ್ಬಳೇ ಎಂಬ ಜಂಬ ಅವರಿಗೆ. "ನನ್ನ ಹಲ್ಲು ಬಿದ್ದ ದಿನ ನಿಂಗೆ ತೋರಿಸಿಕೊಳ್ಳೋಕೆ ಅವಕಾಶ ಸಿಗತ್ತೆ ಕಣೇ," ಎಂದರು. "ಅಲ್ಲೀವರೆಗೂ ಕಾಯಿ. ನಂಗೇನೂ ಅವಸರ ಇಲ್ಲ."

ಹೀಗಿರುವಾಗ ಒಂದು ಮಂಗಳವಾರ ಮ್ಯೂಸಿಯಂ ಮೇಡಂ ಬಂದರು. ಕಂಕುಳಲ್ಲಿ ಒಂದು ಪೆಟ್ಟಿಗೆ. ಮೂವತ್ತು ದಾಟದ ಹೆಣ್ಣುಮಗಳು, ಮ್ಯೂಸಿಯಂನಲ್ಲಿ ಮೂಳೆಗಳ ವಿಭಾಗ ಅವರ ಸುಪರ್ದಿ. ಬೇಟೆಯಾಡುವ ಪ್ರಾಣಿಗಳ ಪ್ರದರ್ಶನವೊಂದನ್ನು ಹೊಂದಿಸುತ್ತಿದ್ದರು. ಇವತ್ತಿಗೂ ಬದುಕಿರುವ ಗೂಬೆ, ನೀರುನಾಯಿ, ಚಿರತೆಗಳಿಂದ ಹಿಡಿದು, ಭೂಮಿಯ ಮೇಲಿಂದ ಎಂದೋ ಎದ್ದುಹೋದ ಪ್ರಾಣಿಗಳವರೆಗೆ.

ಮೇಜಿನ ಮೇಲೆ ಪೆಟ್ಟಿಗೆ ತೆರೆದರು. ಒಳಗೆ ಒಂದು ತಲೆಬುರುಡೆ, ಹಲ್ಲಕ್ಕನ ಎರಡು ಕೈ ತುಂಬುವಷ್ಟು ದೊಡ್ಡದು. ಎಡಗಡೆಯಿಂದ ಗೇಣುದ್ದದ ಕೋರೆಹಲ್ಲೊಂದು ಬಾಗಿದ ಕತ್ತಿಯ ಹಾಗೆ ಕೆಳಗಿಳಿದಿತ್ತು. ಬಲಗಡೆ ಬರೀ ಗುಳಿ.

"ಕತ್ತಿಹಲ್ಲಿನ ಬೆಕ್ಕು ಅಕ್ಕ. ಕಲ್ಲು ಕ್ವಾರೀಲಿ ಸಿಕ್ತು. ಇದು ನಕಲು, ಅಸಲಿ ನಮ್ಮ ಹತ್ರ ಇದೆ. ಬಲಗಡೆ ಹಲ್ಲು ಸಿಗಲೇ ಇಲ್ಲ. ಎಡಗಡೆದನ್ನ ನೋಡಿ ಬಲಗಡೆದು ಮಾಡೋರು ಬೇಕು. ಡಾಕ್ಟ್ರು ನಿಮ್ಮ ಹೆಸರು ಹೇಳಿದ್ರು."

ಹಲ್ಲಕ್ಕ ಕನ್ನಡಕ ಸರಿಮಾಡಿಕೊಂಡು, ಯಾವ ಗಿರಾಕಿಗೂ ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದಳು. "ವಯಸ್ಸೆಷ್ಟು?"

"ಒಂದು ಐದು ಲಕ್ಷ ವರ್ಷ."

"ಅದಲ್ಲ ಮೇಡಂ. ಹೋದಾಗ ಎಷ್ಟಾಗಿತ್ತು?"

ಮೇಡಂ ಸ್ವಲ್ಪ ಯೋಚಿಸಿದರು. "ಏಳೆಂಟು ವರ್ಷ ಇರಬಹುದು."

"ಬೆಕ್ಕಿನ ಜಾತಿಗೆ ನಡುವಯಸ್ಸು. ಹಾಗಾದ್ರೆ ಸವೆತ ತೋರಿಸಬೇಕು."

ಉದ್ಘಾಟನೆಗೆ ಐದು ವಾರ ಉಳಿದಿತ್ತು. ಅಷ್ಟರೊಳಗೆ ಹಲ್ಲು ಆಗದಿದ್ದರೆ ಬುರುಡೆಯನ್ನು ಎಡಮಗ್ಗುಲು ಕಾಣುವಂತೆ ತಿರುಗಿಸಿ, ಖಾಲಿ ಕಡೆ ಗೋಡೆಗೆ ಮಾಡಿ ಇಡುವುದು ಎಂದು ಮೇಲಿನವರು ತೀರ್ಮಾನಿಸಿದ್ದರು. ಹಲ್ಲು ಸಮಯಕ್ಕೆ ಆದರೆ ಮಾತ್ರ, ಗಾಜಿನ ಕೆಳಗಿನ ಫಲಕದಲ್ಲಿ ಹಲ್ಲು ಮಾಡಿದವರು ಯಾರು ಎಂದು ಬರೆಯುತ್ತಾರಂತೆ. ಅದನ್ನು ಕೇಳಿದಾಗ ಹಲ್ಲಕ್ಕನ ಕೈಯಲ್ಲಿದ್ದ ಮೇಣದ ಚಾಕು ಅಲ್ಲೇ ನಿಂತಿತು.

"ನನ್ನ ಪೂರ್ತಿ ಹೆಸರು ಹಾಕಿದ್ರೆ ಯಾರು ಅಂತ ನಮ್ಮ ಬೀದಿಯೋರಿಗೂ ಗೊತ್ತಾಗಲ್ಲ," ಎಂದಳು. "ಹಲ್ಲಕ್ಕ ಅಂತಲೇ ಹಾಕಿ."

ಅಂದಿನಿಂದ ಮನೆಯ ಬೆಕ್ಕಿಗೆ ನೆಮ್ಮದಿ ಹೋಯಿತು. ಅದರ ಹೆಸರು ಸಾಧು. ಕಣ್ಣು ಅರೆಮುಚ್ಚಿ ಧ್ಯಾನಕ್ಕೆ ಕೂತ ಹಾಗೆ ಕೂತಿರುತ್ತಿತ್ತು, ವಾರಕ್ಕೆ ನಾಲ್ಕು ಇಲಿ ಮುಗಿಸುತ್ತಿತ್ತು. ಹಲ್ಲಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ತುಟಿ ಎತ್ತಿ ನೋಡುವಳು. ಅದು ತಿನ್ನುವಾಗ ನೆಲಕ್ಕೆ ಕೆನ್ನೆಯಿಟ್ಟು ಬಗ್ಗಿ ನೋಡುವಳು. ಮನುಷ್ಯರ ದವಡೆ ಮೇಲೆ ಕೆಳಗೆ ಆಡುವುದಲ್ಲದೆ ಅಕ್ಕಪಕ್ಕಕ್ಕೂ ಬೀಸುಕಲ್ಲಿನ ಹಾಗೆ ತಿರುಗುತ್ತದೆ. ಸಾಧುವಿನದು ಕತ್ತರಿಯ ಹಾಗೆ, ಮೇಲೆ ಕೆಳಗೆ ಅಷ್ಟೇ. ಅರೆಯುವ ಮಾತೇ ಇಲ್ಲ, ಕತ್ತರಿಸಿ ನುಂಗುವುದು.

"ಸಾಧೂಗೆ ಸೆಟ್ಟು ಕೂರಿಸ್ತೀಯೇನೇ?" ಎಂದರು ಅತ್ತೆ. "ಇಲಿಗಳು ನಿನ್ನ ಮೇಲೆ ಕೇಸ್ ಹಾಕ್ತವೆ."

ಎರಡನೇ ವಾರ ಮೇಣದ ಹಲ್ಲು ಸಿದ್ಧವಾಯಿತು. ಮ್ಯೂಸಿಯಂ ಮೇಡಂ ಬಂದು ಅದರ ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು.

"ಅಕ್ಕ, ಗರಗಸ ಎಲ್ಲಿ?"

"ಯಾವ ಗರಗಸ?"

ಮೇಡಂ ಎಡಗಡೆಯ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಸಾಸಿವೆಗಿಂತಲೂ ಸಣ್ಣ ಕಚ್ಚುಗಳು, ಬುಡದಿಂದ ತುದಿಯವರೆಗೆ. ಹಲ್ಲಕ್ಕ ಅವನ್ನು ಮೊದಲ ದಿನವೇ ನೋಡಿದ್ದಳು. ಅಚ್ಚು ತೆಗೆಯುವಾಗ ಆದ ಒರಟು ಎಂದುಕೊಂಡು, ತನ್ನ ಹಲ್ಲಿನಲ್ಲಿ ಒಂದೂ ಉಳಿಯದಂತೆ ನುಣ್ಣಗೆ ಉಜ್ಜಿಬಿಟ್ಟಿದ್ದಳು.

"ನಾಲಿಗೆ ಕುಯ್ಯತ್ತೆ ಅಂತ..."

"ಕುಯ್ಯಲಿ ಅಂತಲೇ ಅದು ಇರೋದು ಅಕ್ಕ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೂವತ್ತನಾಲ್ಕು ವರ್ಷ ಯಾರ ನಾಲಿಗೆಗೂ ತಾಗದ ಹಾಗೆ ಅಂಚು ಸವೆಸಿದ ಕೈ ಅದು, ಈಗ ಭೂತಗನ್ನಡಿ ಹಿಡಿದು ಒಂದೊಂದೇ ಕಚ್ಚು ಕೊರೆಯತೊಡಗಿತು.

ನಾಲ್ಕನೇ ವಾರ ಹಲ್ಲು ಮುಗಿಯಿತು. ಬಣ್ಣಕ್ಕಾಗಿ ಹಲ್ಲಕ್ಕ ಮೂರು ಸಲ ಮ್ಯೂಸಿಯಂಗೆ ಹೋಗಿ ಅಸಲಿಯನ್ನು ನೋಡಿ ಬಂದಿದ್ದಳು. ಮಣ್ಣಿನ ಸಾರ ಹೀರಿ ಅದು ಕಂದುಗಟ್ಟಿತ್ತು. ಬುಡದಲ್ಲಿ ಒಲೆಯ ಮೇಲೆ ಮರೆತ ಚಹಾದ ಬಣ್ಣ, ತುದಿಗೆ ಹೋದಂತೆ ಹಳೆಯ ಚರ್ಮದ ಬಣ್ಣ. ಅವಳು ಏಳು ಪದರದಲ್ಲಿ ಅದನ್ನು ತಂದಳು. ನಡುವೆ ಕೂದಲೆಳೆಯಂಥ ಒಂದು ಬಿರುಕು ಇತ್ತು, ಅದನ್ನೂ ತಂದಳು. ಮೇಡಂ ಅದನ್ನು ಮ್ಯೂಸಿಯಂನಲ್ಲಿ ಅಸಲಿ ಬುರುಡೆಗೆ ಕೂರಿಸಿ ಎರಡು ಹೆಜ್ಜೆ ಹಿಂದೆ ಸರಿದರು.

"ಇದನ್ನ ಇಡೋಕಾಗಲ್ಲ ಅಕ್ಕ."

"ಯಾಕೆ? ಎಲ್ಲಿ ತಪ್ಪಿದೆ?"

"ಎಲ್ಲೂ ತಪ್ಪಿಲ್ಲ, ಅದೇ ತೊಂದರೆ. ತಪ್ಪು ನಂದೇ, ಮೊದಲೇ ಹೇಳಬೇಕಿತ್ತು. ನೆಲದಲ್ಲಿ ಸಿಕ್ಕಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಅಂತ ನೋಡೋರಿಗೆ ನೋಡಿದ ಕೂಡಲೇ ಗೊತ್ತಾಗಬೇಕು. ಇಲ್ಲದಿದ್ರೆ ನಮ್ಮಲ್ಲಿ ಅದನ್ನ ಸುಳ್ಳು ಅಂತೀವಿ."

"ನಮ್ಮಲ್ಲಿ ಅದನ್ನ ಕೆಲಸ ಅಂತೀವಿ," ಎಂದಳು ಹಲ್ಲಕ್ಕ.

ಉಳಿದಿದ್ದು ಒಂಬತ್ತು ದಿನ. ಮನೆಗೆ ಬಂದವಳು ಬೂದು ಬಣ್ಣದಲ್ಲಿ ಒಂದು ಹಲ್ಲು ಮಾಡಿ ನೋಡಿದಳು. ಸಿಮೆಂಟಿನ ಗೂಟದ ಹಾಗಿತ್ತು. ಇನ್ನೊಂದಕ್ಕೆ ಬಿಳಿ ಬಳಿದು ನೋಡಿದಳು, ಗೋಡೆಗೆ ಸುಣ್ಣ ಹೊಡೆದ ಹಾಗಾಯಿತು. ಬೇಕೆಂದೇ ಕೆಟ್ಟದಾಗಿ ಮಾಡುವುದು ಕೈಗೆ ಬರಲೊಲ್ಲದು. ಎರಡೂ ಕಸದ ಡಬ್ಬಿಗೆ ಹೋದವು.

"ಖಾಲಿ ಕಡೆ ಗೋಡೆಗೆ ಮಾಡಿ ಇಡ್ತಾರಂತೆ ಅತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ."

"ಕಾಣೋ ಹಾಗೆ ಮಾಡು ಅಂದ್ರೆ ಇಷ್ಟು ಒದ್ದಾಡ್ತೀಯ," ಎಂದರು ಅತ್ತೆ. "ನಿನ್ನ ಮಾವನೂ ಹೀಗೇ. ಕಣ್ಣಿಗೆ ಕಾಣಿಸಬಾರದು ಅಂತ ನಮ್ಮ ಮದುವೆ ಫೋಟೋದಲ್ಲೂ ನನ್ನ ಹಿಂದೆ ನಿಂತಿದ್ರು."

ಮರುದಿನ ಡಾಕ್ಟರ ಹತ್ತಿರದಿಂದ ಮಾಮೂಲಿನಂತೆ ಒಂದು ಅಚ್ಚು ಬಂತು. ಚೀಟಿಯಲ್ಲಿ ಬಣ್ಣ: ಮೂರನೇ ನಂಬರ್. ಹಲ್ಲಕ್ಕ ಖಾನೆ ಎಳೆದು ಬೀಸಣಿಗೆಯ ಹಾಗೆ ಬಿಚ್ಚುವ ಬಣ್ಣದ ಪಟ್ಟಿ ತೆಗೆದಳು. ಹದಿನಾರು ಮಾದರಿ ಹಲ್ಲುಗಳು ಅದರಲ್ಲಿದ್ದವು. ಮೂರನೆಯದರ ತುದಿ, ಅತಿಯಾಗಿ ಬಳಸಿ, ಮಸುಕಾಗಿತ್ತು. ಹಾಲಿನ ಕೆನೆಗೆ ಒಂದಿಷ್ಟು ಹಳದಿ ಬಿದ್ದಂಥ ಬಣ್ಣ. ಈ ಊರಿನಲ್ಲಿ ವಯಸ್ಸಾದವರಿಗೆ ಅತಿ ಹೆಚ್ಚು ಒಪ್ಪುವುದು ಅದೇ. ಹೆಡ್‌ಮಾಸ್ಟರದ್ದೂ ಅದೇ, ಬ್ಯಾಂಕಿನ ಕ್ಯಾಷಿಯರಮ್ಮನದೂ ಅದೇ. ಪಟ್ಟಿ ಅವಳ ಕೈಯಲ್ಲಿ ಹಾಗೇ ಉಳಿಯಿತು. ಪಕ್ಕದಲ್ಲಿ ಬುರುಡೆಯ ನಕಲು ಕೂತಿತ್ತು. ಮೂರನೆಯ ಮಾದರಿಯನ್ನು ಅದರ ಖಾಲಿ ಗುಳಿಯ ಹತ್ತಿರ ಹಿಡಿದು ನೋಡಿದಳು.

ಐದು ದಿನದಲ್ಲಿ ಹಲ್ಲು ಆಯಿತು. ಬಾಗು, ದಪ್ಪ, ಸವೆತ, ಗರಗಸದ ಒಂದೊಂದು ಕಚ್ಚು ಎಲ್ಲವೂ ಮೊದಲಿನಂತೆಯೇ. ಬಣ್ಣ ಮಾತ್ರ ಅಪ್ಪಟ ಮೂರನೇ ನಂಬರ್. ಐದು ಲಕ್ಷ ವರ್ಷದ ಬೇಟೆಗಾರನ ಒಂದು ಕಡೆ ಕಂದು ಕತ್ತಿ, ಇನ್ನೊಂದು ಕಡೆ ಈಗಷ್ಟೇ ಡಾಕ್ಟರ ಹತ್ತಿರ ಹೋಗಿ ಬಂದ ಹಾಗೆ ಹೊಳೆಯುವ ಕತ್ತಿ.

ಮೇಡಂ ಮೊದಲು ನಕ್ಕರು. ಆಮೇಲೆ ಭೂತಗನ್ನಡಿ ತಂದು ಬುಡದಿಂದ ತುದಿಯವರೆಗೆ ನೋಡಿದರು. "ಇದನ್ನ ಯಾರೂ ಅಸಲಿ ಅನ್ನಲ್ಲ. ಕೆಲಸ ಗೊತ್ತಿಲ್ಲದೋರು ಮಾಡಿದ್ದು ಅಂತಾನೂ ಯಾರೂ ಅನ್ನಲ್ಲ. ಇಡೋಣ ಅಕ್ಕ."

ಭಾನುವಾರ ಬೆಳಿಗ್ಗೆ ಪ್ರದರ್ಶನ ತೆರೆಯಿತು. ಬಾಗಿಲ ಬಳಿ ಗೂಬೆಯ ಉಗುರು, ಆಮೇಲೆ ನೀರುನಾಯಿಯ ದವಡೆ, ಮೊಸಳೆಯದು, ಚಿರತೆಯದು. ಹಾಲ್‌ನ ನಟ್ಟನಡುವೆ, ನಾಲ್ಕೂ ಕಡೆಯಿಂದ ಕಾಣುವ ಗಾಜಿನ ಪೆಟ್ಟಿಗೆಯಲ್ಲಿ ಕತ್ತಿಹಲ್ಲಿನ ಬೆಕ್ಕು. ಕೆಳಗೆ ಫಲಕ: "ಎಡಗಡೆಯ ಕೋರೆಹಲ್ಲು ಮೂಲದ್ದು. ಬಲಗಡೆಯದು ಹೊಸದು, ಮಾಡಿದವರು ಹಲ್ಲಕ್ಕ."

ಹಲ್ಲಕ್ಕ ಕಂಬದ ಪಕ್ಕ ನಿಂತಿದ್ದಳು. ಜನ ಬಂದರು, ಬಗ್ಗಿ ನೋಡಿದರು. ಅವಳ ಕಣ್ಣಿಗೆ ಬೇರೆ ಯಾರಿಗೂ ಕಾಣದ್ದೊಂದು ಕಂಡಿತು. ವಯಸ್ಸಾದವರು ಗಾಜಿನ ಮುಂದೆ ಬಂದ ಕೂಡಲೇ ಅವರ ತುಟಿಯ ಹಿಂದೆ ನಾಲಿಗೆ ಮೆಲ್ಲಗೆ ಅತ್ತಿತ್ತ ಹರಿಯುತ್ತಿತ್ತು. ದಿನಾ ಬೆಳಿಗ್ಗೆ ಬಟ್ಟಲಿನಿಂದ ತೆಗೆದು ಬಾಯಿಗಿಡುವ ಬಣ್ಣ ಗುರುತು ಸಿಗದೇ ಇರುತ್ತದೆಯೇ. ಆದರೆ ಯಾರೂ ಉಸಿರೆತ್ತಲಿಲ್ಲ.

ಹನ್ನೊಂದು ಗಂಟೆಗೆ ಹೆಡ್‌ಮಾಸ್ಟರ್ ಬಂದರು. ಫಲಕವನ್ನು ಎರಡು ಸಲ ಓದಿದರು, ಅಕ್ಷರತಪ್ಪು ಹುಡುಕುವವರ ಹಾಗೆ. ಹಲ್ಲನ್ನು ನೋಡಿದರು. ತಲೆಯೆತ್ತಿದಾಗ ಎದುರಿಗೆ ಹಲ್ಲಕ್ಕ. ಅವಳ ಪಕ್ಕದಲ್ಲೊಂದು ಕಂಬ ಇತ್ತು ನಿಜ, ಹೆಡ್‌ಮಾಸ್ಟರ ಕಣ್ಣು ಕ್ಷಣಕಾಲ ಅದರ ಮೇಲೆ ಹೋಯಿತು ಕೂಡ. ಆಮೇಲೆ ವಾಪಸ್ ಬಂತು.

"ಮೂರನೇ ನಂಬರ್ ಅಲ್ವೇನಮ್ಮ?"

ಗಿರಾಕಿಯೇ ಮೊದಲು ಮಾತಾಡಿಸಿದ್ದರು. "ಹೌದು ಸಾರ್," ಎಂದಳು.

ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡು, ಕೊನೆಯ ಬೆಂಚಿಗೂ ಕೇಳಿಸುವ ತಮ್ಮ ಹಳೆಯ ದನಿಯಲ್ಲಿ ಸುತ್ತಲಿನವರಿಗೆ ಹೇಳಿದರು: "ನಂದೂ ಈಕೆ ಮಾಡಿದ್ದೇ. ಹನ್ನೊಂದು ವರ್ಷ ಆಯ್ತು, ಒಂದು ದಿನ ನೋವಿಲ್ಲ." ಅನುಮಾನ ಇದ್ದವರಿಗೆ ಎಂದು ಎರಡೂ ಸಾಲು ತೋರಿಸಿದರು.

"ನಂದು ಕೆಳಗಿನ ಸಾಲು ಮಾತ್ರ," ಎಂದರು ಕ್ಯಾಷಿಯರಮ್ಮ. "ನಂದು ಮುಂದಿನ ನಾಲ್ಕು," ಎಂದಿತು ಹಿಂದಿನಿಂದ ಒಂದು ಗಂಡುದನಿ, ಟೈಲರನದು. ಕೋಟಿನ ಭುಜ ತೋರಿಸುತ್ತಿದ್ದ ಅದೇ ಟೈಲರ್, ಈ ಒಂದರ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕತ್ತಿಹಲ್ಲಿನ ಬೆಕ್ಕಿನ ಸುತ್ತ ಒಂಬತ್ತು ಹತ್ತು ಜನ ಒಬ್ಬರಿಗೊಬ್ಬರು ಹಲ್ಲು ಕಿಸಿದು ನಿಂತಿದ್ದರು. ಚಿರತೆಯ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಅತ್ತೆ ಕೋಲೂರಿಕೊಂಡು ಬಂದರು. ಗುಂಪಿನಲ್ಲಿ ನಡೆಯುತ್ತಿರುವುದು ಏನೆಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಮ್ಮನ್ನು ಬಿಟ್ಟು ಇಷ್ಟು ದೊಡ್ಡ ಜಂಬ ನಡೆಯುತ್ತಿದೆ ಎಂಬುದು ಸಹಿಸಲಾಗಲಿಲ್ಲ.

"ನಂದು ಒಂದೂ ಇವಳು ಮಾಡಿದ್ದಲ್ಲ," ಎಂದರು. "ಇಪ್ಪತ್ತಾರೂ ಸ್ವಂತದ್ದು."

ಹೆಡ್‌ಮಾಸ್ಟರ್ ಅವರ ಬಾಯನ್ನು ಗೌರವದಿಂದಲೇ ನೋಡಿದರು. "ನಿನ್ನೆವರೆಗೂ ನಾವೆಲ್ಲ ಹಾಗೇ ಅಂತಿದ್ವಿ ತಾಯಿ."

ಅತ್ತೆ ಸಾಕ್ಷಿಗೆಂದು ಸೊಸೆಯ ಕಡೆ ತಿರುಗಿದರು. ಯಾರ ಬಾಯಲ್ಲಿ ಏನಿದೆ ಎಂದು ಬಾಯಿ ಬಿಡಬಾರದೆಂಬ ಮಾವನ ಮಾತನ್ನು ನೆನೆದುಕೊಂಡು ಹಲ್ಲಕ್ಕ ಸುಮ್ಮನೆ ನಿಂತಿದ್ದಳು.